ಪುಟ್ ಆಫ್ ಅಂದರೆ ರದ್ದಾಯ್ತು ಅಂತಾನಾ, ಮುಂದೆ ಹೋಯ್ತು ಅಂತಾನಾ?

ಕೋಡಿಬಾಗದಕ್ಕ:
ಎಲ್ಲರಿಗೂ ನಮಸ್ಕಾರ. ನಾನು ಕಾರವಾರದವಳು. ನಮ್ಮ ಕೇರಿಯಲ್ಲಿ ಒಂದು ಮಹಿಳಾ ಸಂಘ ಇದೆ, ಇಪ್ಪತ್ತೆರಡು ಜನ. ಜಾಸ್ತಿ ಮನೆಗಳು ಮೀನಿನ ಮೇಲೇ ನಡೆಯೋದು. ಸಂಘದ ಫೋನು, ಲೆಕ್ಕದ ಪುಸ್ತಕ ಎರಡೂ ನನ್ನ ಹತ್ತಿರ ಇರುತ್ತವೆ. ನಾನು ಕನ್ನಡ ಮೀಡಿಯಂನಲ್ಲಿ ಹತ್ತನೇ ತರಗತಿವರೆಗೆ ಓದಿದ್ದೇನೆ. ಇಂಗ್ಲಿಷ್ ಓದಲು ಬರುತ್ತದೆ, ಅರ್ಥ ಅರ್ಧ ಆಗುತ್ತದೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ, ನಿಮಗೆಲ್ಲ ಗೊತ್ತು. ಆ 61 ದಿನ ನಮ್ಮ ಮನೆಗಳಲ್ಲಿ ಕೈ ಖಾಲಿ. ಅದಕ್ಕೇ ಆ ಸಮಯ ನೋಡಿ ಒಂದು ಕಡೆಯವರು ಸಿಗಡಿ, ಬಂಗಡೆ ಉಪ್ಪಿನಕಾಯಿ ಮಾಡಿ ಪ್ಯಾಕ್ ಮಾಡುವ ತರಬೇತಿ ಇಟ್ಟಿದ್ದರು. ಐದು ದಿನದ್ದು. ಎಲ್ಲರೂ ಹೆಸರು ಕೊಟ್ಟಿದ್ದರು. ಹಿಂದಿನ ದಿನ ಸಂಜೆ ಫೋನಿಗೆ ಇಂಗ್ಲಿಷಿನಲ್ಲಿ ಒಂದು ಸಾಲು ಬಂತು. ‘ಟ್ರೇನಿಂಗ್ ಹ್ಯಾಸ್ ಬೀನ್ ಪುಟ್ ಆಫ್ ಅಂಟಿಲ್ ಫರ್ದರ್ ನೋಟಿಸ್.’

ನನ್ನ ಕಣ್ಣಿಗೆ ಕಂಡದ್ದು ‘ಆಫ್’. ಫ್ಯಾನ್ ಆಫ್, ಲೈಟ್ ಆಫ್, ಫೋನ್ ಸ್ವಿಚ್ ಆಫ್. ಆಫ್ ಅಂದ ಮೇಲೆ ಮುಗೀತಲ್ಲ ಅಂದುಕೊಂಡೆ. ಆ ನಂಬರಿಗೆ ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಮಳೆಯಲ್ಲೇ ಮನೆಮನೆಗೆ ಹೋಗಿ ‘ತರಬೇತಿ ರದ್ದಾಯ್ತು, ನಿಮ್ಮ ನಿಮ್ಮ ಕೆಲಸ ನೋಡಿಕೊಳ್ಳಿ’ ಅಂತ ಹೇಳಿ ಬಂದೆ.

ಮೂರು ವಾರ ಕಳೆದ ಮೇಲೆ ಬೆಳಿಗ್ಗೆ ಏಳು ಗಂಟೆಗೆ ಫೋನ್. ಇವತ್ತು ಶುರು, ನಿಮ್ಮವರು ಎಲ್ಲಿ ಅಂತ. ಅಷ್ಟರಲ್ಲಿ ಹನ್ನೊಂದು ಜನ ಗದ್ದೆ ನಾಟಿಗೆ ಒಪ್ಪಿ ಮುಂಗಡ ತೆಗೆದುಕೊಂಡಿದ್ದರು. ಇಬ್ಬರು ಗೋವಾಕ್ಕೆ ಮನೆಗೆಲಸಕ್ಕೆ ಹೋಗಿಬಿಟ್ಟಿದ್ದರು. ಉಳಿದವರನ್ನು ಓಡಾಡಿ ಹುಡುಕಿದರೂ ಬಂದದ್ದು ನಾಲ್ಕೇ ಜನ. ಈಗ ‘ಈ ಸಂಘದವರಿಗೆ ಆಸಕ್ತಿ ಇಲ್ಲ’ ಅಂತ ಬರೆದುಕೊಂಡಿದ್ದಾರಂತೆ.

ಪುಟ್ ಆಫ್ ಅಂದರೆ ಸರಿಯಾಗಿ ಏನು? ತಪ್ಪು ನನ್ನದಾ? ಇನ್ನೊಂದು ಸಲ ಇಂಥದ್ದು ಬಂದರೆ ಹೇಗೆ ಗುರುತು ಹಿಡಿಯಲಿ?

ಶಿರಸಿ ಪೇಟೆ:
ಪುಟ್ ಆಫ್ ಅಂದರೆ ಮುಂದೂಡಿದ್ದು. ಕಾಲ್ ಆಫ್ ಅಂದರೆ ರದ್ದು ಮಾಡಿದ್ದು. ಅಷ್ಟೇ.

ಬಂದರು ಹುಡುಗ:
‘ಅಷ್ಟೇ’ ಅಂತ ಸುಲಭಕ್ಕೆ ಹೇಳಬೇಡಿ ಮಾರಾಯ್ರೆ. ಎರಡರಲ್ಲೂ ಆಫ್ ಇದೆ. ಒಂದರಲ್ಲಿ ಇಡೋದು, ಇನ್ನೊಂದರಲ್ಲಿ ಕರೆಯೋದು. ಇಟ್ಟರೆ ಮುಂದೂಡಿಕೆ, ಕರೆದರೆ ರದ್ದು ಅಂತ ಯಾರಿಗೆ ಹೊಳೆಯುತ್ತದೆ? ನಾನು ಬಿಕಾಂ ಓದಿದವನು. ಮೂರು ವರ್ಷದ ಹಿಂದೆ ನನಗೂ ಒಂದು ಇಂಟರ್‌ವ್ಯೂ ಮೆಸೇಜ್ ಹೀಗೇ ಬಂದಿತ್ತು. ನಾನೂ ಹುಬ್ಬಳ್ಳಿಯ ಟಿಕೆಟ್ ಕ್ಯಾನ್ಸಲ್ ಮಾಡಿ, ಅದರ ಆಸೆ ಬಿಟ್ಟು ಕೂತಿದ್ದೆ. ಹೊಸ ತಾರೀಖು ಇಮೇಲಿಗೆ ಬಂದದ್ದು ನೋಡಲೇ ಇಲ್ಲ.

ಕುಮಟಾ ಮಾಸ್ತರ:
ತಂಗಿ, ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವನು ನಾನು. ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಆಫ್ ಅನ್ನುವುದಕ್ಕೆ ‘ಬಂದ್’ ಅನ್ನುವುದು ಒಂದು ಅರ್ಥ ಮಾತ್ರ. ಅದರ ಹಳೆಯ ಅರ್ಥ ‘ಆಚೆಗೆ’, ‘ದೂರಕ್ಕೆ’. ಪುಟ್ ಆಫ್ ಅಂದರೆ ಕೈಯಲ್ಲಿರುವುದನ್ನು ಆಚೆಗೆ ಸರಿಸಿ ಇಡು. ಸರಿಸಿಟ್ಟದ್ದು ಅಲ್ಲೇ ಇರುತ್ತದೆ, ಬಿಸಾಡಿದ್ದಲ್ಲ. ಕಾಲ್ ಆಫ್ ಅಂದರೆ ಹೊರಟದ್ದನ್ನು ವಾಪಸ್ ಕರೆದುಬಿಡು. ನಾಯಿಯನ್ನು ಯಾರ ಮೇಲೋ ಬಿಟ್ಟು ‘ಸಾಕು ಬಾ’ ಅಂತ ಕರೆಯುತ್ತೇವಲ್ಲ, ಅದಕ್ಕೂ ಇಂಗ್ಲಿಷಿನಲ್ಲಿ ಕಾಲ್ ಆಫ್ ಅಂತಲೇ ಹೇಳುತ್ತಾರೆ. ಈ ಚಿತ್ರ ಒಂದು ಸಲ ಮನಸ್ಸಿನಲ್ಲಿ ಕೂತರೆ ಎರಡನ್ನೂ ಮರೆಯುವುದಿಲ್ಲ.

ಇನ್ನು ನಿಮಗೆ ಬಂದ ಸಾಲಿನಲ್ಲೇ ಒಂದು ಗುರುತು ಇತ್ತು. ‘ಅಂಟಿಲ್’. ಅಂದರೆ ‘ಅಲ್ಲಿಯವರೆಗೆ’. ‘ಅಂಟಿಲ್ ಫರ್ದರ್ ನೋಟಿಸ್’ ಅಂದರೆ ಮುಂದಿನ ಸೂಚನೆ ಬರುವವರೆಗೆ. ‘ವರೆಗೆ’ ಅನ್ನುವ ಮಾತು ಇದ್ದ ಕಡೆ ಕೆಲಸ ಸತ್ತಿಲ್ಲ, ಕಾಯುತ್ತಿದೆ. ‘ಟಿಲ್’ ಅಂತ ಇದ್ದರೂ ಅದೇ. ರದ್ದಾದದ್ದಕ್ಕೆ ‘ವರೆಗೆ’ ಬೇಕಾಗುವುದಿಲ್ಲ, ಅಲ್ವಾ? ಪುಟ್ ಆಫ್ ಕಂಡರೆ ಪಕ್ಕದಲ್ಲಿ ಟಿಲ್, ಅಂಟಿಲ್ ಅಥವಾ ಒಂದು ತಾರೀಖು ಇದೆಯಾ ನೋಡಿ.

ಕೋಡಿಬಾಗದಕ್ಕ:
ಮಾಸ್ತರೇ, ‘ವರೆಗೆ’ ಅಂತ ಹೇಳಿದಿರಲ್ಲ, ಈಗ ಆ ಮೆಸೇಜ್ ತೆಗೆದು ಮತ್ತೆ ಓದಿದೆ. ಅಂಟಿಲ್ ಅನ್ನೋ ಶಬ್ದ ನನಗೆ ಗೊತ್ತಿತ್ತು. ಆಫ್ ಕಂಡ ಕೂಡಲೇ ಮುಂದಿನದ್ದು ಓದಲೇ ಇಲ್ಲ. ಹೊಟ್ಟೆಯಲ್ಲಿ ಸಂಕಟ ಆಗ್ತಾ ಇದೆ.

ಯಲ್ಲಾಪುರ ದಾರಿ:
ಸಂಕಟ ಪಡಬೇಡಿ ಅಕ್ಕಾ. ಆದರೂ ನೇರವಾಗಿ ಒಂದು ಮಾತು ಹೇಳುತ್ತೇನೆ. ಅರ್ಥ ಗಟ್ಟಿ ಗೊತ್ತಿಲ್ಲದಿದ್ದರೆ ಇಪ್ಪತ್ತೆರಡು ಜನರಿಗೆ ಹೇಳುವ ಮೊದಲು ಯಾರನ್ನಾದರೂ ಕೇಳಬೇಕಿತ್ತು. ಕಾಲೇಜು ಹುಡುಗರು ಕೇರಿಗೆ ಇಬ್ಬರು ಇದ್ದೇ ಇರುತ್ತಾರೆ.

ಬಂದರು ಹುಡುಗ:
ಅವರು ಎರಡು ಸಲ ಫೋನ್ ಮಾಡಿದ್ದಾರೆ, ಓದಿದಿರಾ? ಕಳಿಸಿದವರು ಫೋನ್ ಎತ್ತದಿದ್ದರೆ ಯಾರ ತಪ್ಪು? ಮೀನುಗಾರರ ಮನೆಯ ಹೆಂಗಸರಿಗೆ ಉಪ್ಪಿನಕಾಯಿ ಕಲಿಸಲು ಬರುವವರು ಇಂಗ್ಲಿಷಿನಲ್ಲಿ ಯಾಕೆ ಬರೆಯಬೇಕು? ಮೊದಲು ಅದು ಹೇಳಿ.

ಕಪ್ಪುಕೋಟು:
ಕಾರವಾರದ ಕೋರ್ಟಿನಲ್ಲಿ ಕೆಲಸ ಮಾಡುವವನು ನಾನು. ಎರಡು ಮಾತು.

ಒಂದು, ಕರ್ನಾಟಕ ರಾಜಭಾಷಾ ಅಧಿನಿಯಮ 1963ರದ್ದು. ರಾಜ್ಯದ ಆಡಳಿತ ಭಾಷೆ ಕನ್ನಡ. ತರಬೇತಿ ಕೊಟ್ಟವರು ರಾಜ್ಯ ಸರ್ಕಾರದವರಾದರೆ ಕನ್ನಡದಲ್ಲಿ ತಿಳಿಸಿ ಅಂತ ಕೇಳುವುದು ನಿಮ್ಮ ಹಕ್ಕು. ಬೇರೆಯವರಾದರೆ ಹಕ್ಕು ಅನ್ನಲಾರೆ, ಆದರೂ ಕೇಳಲೇಬೇಕಾದ ಮಾತು.

ಎರಡು, ನಮ್ಮಲ್ಲಿ ಪುಟ್ ಆಫ್ ಅಂತ ಬರೆಯುವುದು ನಾನು ನೋಡಿಲ್ಲ. ಅಡ್ಜರ್ನ್ ಅಂತ ಬರೆದು ಮುಂದಿನ ತಾರೀಖು ಹಾಕುತ್ತಾರೆ. ಕಕ್ಷಿದಾರರು ಕೇಳುವುದೂ ಅದನ್ನೇ, ‘ಯಾವ ತಾರೀಖು ಬಿತ್ತು?’ ಕೇಸು ಏನಾಯ್ತು ಅಂತ ಕೇಳುವುದು ಆಮೇಲೆ. ತಾರೀಖು ಇದ್ದರೆ ಜೀವ ಇದೆ ಅಂತ ಅವರಿಗೆ ಗೊತ್ತು. ನಿಮಗೆ ಬಂದ ಮೆಸೇಜಿನಲ್ಲಿ ತಾರೀಖೇ ಇರಲಿಲ್ಲ. ಹಾಗಾಗಿ ತಪ್ಪು ಓದಿದವರದ್ದಕ್ಕಿಂತ ಬರೆದವರದ್ದು ಜಾಸ್ತಿ.

ಹೊನ್ನಾವರ ಟೀಚರ್:
ನನಗೆ ಅನಿಸುವುದು ಬೇರೆ. ಆ ಮೆಸೇಜ್ ಬರೆದವರು ಬಹುಶಃ ಸುಲಭ ಇಂಗ್ಲಿಷ್ ಬರೆದೆ ಅಂದುಕೊಂಡಿರುತ್ತಾರೆ. ಪೋಸ್ಟ್‌ಪೋನ್ ದೊಡ್ಡ ಶಬ್ದ, ಪುಟ್ ಆಫ್ ಚಿಕ್ಕದು, ಮೂರು ಮೂರು ಅಕ್ಷರ. ಇಂಗ್ಲಿಷ್ ಮಾತೃಭಾಷೆಯವರಿಗೆ ಅದು ಸರಿ. ಪುಟ್, ಆಫ್, ಕಾಲ್, ಅಪ್ ಇವೆಲ್ಲ ಅವರ ಮನೆಯೊಳಗಿನ ಮಾತು. ಪೋಸ್ಟ್‌ಪೋನ್ ಲ್ಯಾಟಿನ್‌ನಿಂದ ಬಂದದ್ದು, ‘ನಂತರ ಇಡು’ ಅಂತ ಅದರ ಮೂಲ ಅರ್ಥ, ಆಫೀಸಿನ ಶಬ್ದ.

ನಮಗೆ ಇದು ಪೂರಾ ಉಲ್ಟಾ. ಪೋಸ್ಟ್‌ಪೋನ್, ಕ್ಯಾನ್ಸಲ್ ಎರಡೂ ಈಗ ಕನ್ನಡದ ಶಬ್ದಗಳೇ ಆಗಿಬಿಟ್ಟಿವೆ. ಮೀನು ಮಾರ್ಕೆಟ್ಟಿನಲ್ಲಿ ಕೂತ ಅಜ್ಜಿಯೂ ‘ಮದುವೆ ಪೋಸ್ಟ್‌ಪೋನ್ ಆಯ್ತಂತೆ’ ಅನ್ನುತ್ತಾಳೆ. ‘ಮದುವೆ ಪುಟ್ ಆಫ್ ಆಯ್ತು’ ಅಂತ ಯಾರಾದರೂ ಹೇಳಿದ್ದು ಕೇಳಿದ್ದೀರಾ? ಚಿಕ್ಕ ಶಬ್ದ ಸುಲಭ ಅನ್ನುವುದು ಇಲ್ಲಿ ನಡೆಯುವುದಿಲ್ಲ. ನಾನು ಮಕ್ಕಳಿಗೆ ಯಾವಾಗಲೂ ಹೇಳುತ್ತೇನೆ, ಎರಡು ಚಿಕ್ಕ ಶಬ್ದ ಜೊತೆಗೆ ಬಂದರೆ ಎಚ್ಚರ, ಅಲ್ಲಿ ಮೂರನೇ ಅರ್ಥ ಅಡಗಿರುತ್ತದೆ.

ಕುಮಟಾ ಮಾಸ್ತರ:
ಅಕ್ಕೋರೇ, ಎಷ್ಟು ಸರಿಯಾಗಿ ಹೇಳಿದಿರಿ! ಮೂವತ್ತು ವರ್ಷ ಕಲಿಸಿದರೂ ಈ ಕಡೆಯಿಂದ ನಾನು ಯೋಚನೆ ಮಾಡಿರಲಿಲ್ಲ.

ಶಿರಸಿ ಪೇಟೆ:
ಶಾಲೆಯಲ್ಲಿ ನಮಗೆ ಇದನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಿಸಿದರು. ಗಿವ್ ಅಪ್, ಗಿವ್ ಇನ್, ಲುಕ್ ಆಫ್ಟರ್, ಲುಕ್ ಇಂಟು. ಪರೀಕ್ಷೆ ಮುಗಿದ ಮೇಲೆ ಒಂದೂ ನೆನಪಿಲ್ಲ.

ತೋಟದ ಮನೆ:
ಶಿರಸಿ ಕಡೆಯ ತೋಟದವನು ನಾನು. ಬಾಯಿಪಾಠ ಬೇಡ, ನಮ್ಮ ಕನ್ನಡದಲ್ಲೇ ಇದೆ ಇದು. ‘ತಳ್ಳು’ ಅನ್ನೋ ಶಬ್ದ ತೆಗೆದುಕೊಳ್ಳಿ. ‘ಸಭೆಯನ್ನು ಮುಂದೆ ತಳ್ಳಿದರು’ ಅಂದರೆ ಪುಟ್ ಆಫ್. ‘ಅರ್ಜಿಯನ್ನು ತಳ್ಳಿಹಾಕಿದರು’ ಅಂದರೆ ಕಥೆ ಮುಗೀತು. ಎರಡರಲ್ಲೂ ತಳ್ಳುವುದೇ. ಪಕ್ಕದ ಶಬ್ದ ಬದಲಾದರೆ ಸಭೆ ಉಳಿಯುತ್ತದೆ, ಅರ್ಜಿ ಸಾಯುತ್ತದೆ.

ಇನ್ನು ‘ಕೈ’ ನೋಡಿ. ಕೈ ಹಾಕಿದ, ಕೈ ಬಿಟ್ಟ, ಕೈ ಕೊಟ್ಟ, ಕೈ ಎತ್ತಿದ, ಕೈ ಮಾಡಿದ, ಕೈ ಹಿಡಿದ. ಬೇರೆ ಭಾಷೆಯವರಿಗೆ ‘ಗೆಳೆಯ ಕೈ ಕೊಟ್ಟ’ ಅಂದರೆ ಸಹಾಯ ಮಾಡಿದ ಅಂತಲೇ ಅನಿಸುತ್ತದೆ. ನಮಗೆ ಗೊತ್ತು ಅವನು ಮೋಸ ಮಾಡಿ ಹೋದ ಅಂತ. ಇಂಗ್ಲಿಷಿನ ಲೆಟ್ ಡೌನ್ ಅದೇ ತಾನೇ? ಕೈ ಕೊಡುವುದನ್ನು ನಮಗೆ ಯಾರೂ ಪಟ್ಟಿ ಮಾಡಿ ಕಲಿಸಲಿಲ್ಲ. ಕೇಳಿ ಕೇಳಿ ಬಂತು.

ಹೊನ್ನಾವರ ಟೀಚರ್:
ಹೋಲಿಕೆ ಚೆನ್ನಾಗಿದೆ, ಒಂದು ತಿದ್ದುಪಡಿ. ತಳ್ಳಿಹಾಕು ಅನ್ನುವಲ್ಲಿ ಎರಡೂ ಕ್ರಿಯಾಪದ, ತಳ್ಳು ಮತ್ತು ಹಾಕು. ಕೈ ಕೊಡು ಅನ್ನುವಲ್ಲಿ ನಾಮಪದ ಮತ್ತು ಕ್ರಿಯಾಪದ. ಪುಟ್ ಆಫ್‌ನಲ್ಲಿ ಪುಟ್ ಮಾತ್ರ ಕ್ರಿಯಾಪದ, ಆಫ್ ಬರೀ ದಿಕ್ಕು ತೋರಿಸುವ ಶಬ್ದ. ಒಂದೇ ಜಾತಿಯದ್ದಲ್ಲ.

ತೋಟದ ಮನೆ:
ವ್ಯಾಕರಣದ ಜಾತಿ ಬೇರೆ ಇರಬಹುದು ಅಕ್ಕೋರೇ, ಗುಣ ಒಂದೇ. ಬಿಡಿಸಿ ನೋಡಿದರೆ ಅರ್ಥ ಸಿಗುವುದಿಲ್ಲ, ಕೂಡಿಸಿ ನೋಡಿದರೆ ಸಿಗುತ್ತದೆ. ನಾನು ಹೇಳಿದ್ದು ಅಷ್ಟು.

ಕುಮಟಾ ಮಾಸ್ತರ:
ಇಬ್ಬರದ್ದೂ ಸರಿ. ಈ ಜೋಡಿಗೆ ಫ್ರೇಸಲ್ ವರ್ಬ್ ಅಂತ ಹೆಸರು ಬಿದ್ದದ್ದೂ ತೀರಾ ಹಿಂದೆ ಅಲ್ಲ. 1925ರಲ್ಲಿ ಲೋಗನ್ ಪಿಯರ್ಸಾಲ್ ಸ್ಮಿತ್ ಆ ಹೆಸರನ್ನು ಬಳಕೆಗೆ ತಂದರು. ಸೂಚಿಸಿದವರು ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಸಂಪಾದಕರಲ್ಲಿ ಒಬ್ಬರಾದ ಹೆನ್ರಿ ಬ್ರಾಡ್ಲಿ. ಜನ ಅದಕ್ಕೂ ನೂರಾರು ವರ್ಷ ಮೊದಲೇ ಆಡುತ್ತಿದ್ದರು.

ಅಂಕೋಲಾ ಎಕ್ಕಾ:
ಎಲ್ಲರೂ ಮುಂದೂಡು, ಮುಂದೆ ತಳ್ಳು ಅಂತಿದ್ದೀರಿ. ನಾನು ಬಿದ್ದ ಗುಂಡಿ ಅಲ್ಲೇ ಇದೆ, ಕೇಳಿ.

ನಾನು ಬೆಂಗಳೂರಿನ ಒಂದು ಕಂಪನಿಯಲ್ಲಿ ಕೆಲಸಕ್ಕೆ ಸೇರಿದ ಹೊಸತು. ಮೀಟಿಂಗ್ ಬುಧವಾರದಿಂದ ಶುಕ್ರವಾರಕ್ಕೆ ಹೋಗಿತ್ತು. ವಿದೇಶದ ತಂಡಕ್ಕೆ ತಿಳಿಸಬೇಕಿತ್ತು. ತಲೆಯಲ್ಲಿ ಓಡಿದ್ದು ಕನ್ನಡ, ‘ಮೀಟಿಂಗ್ ಎರಡು ದಿನ ಮುಂದೆ ಹೋಗಿದೆ’. ಮುಂದೆ ಅಂದರೆ ಫಾರ್ವರ್ಡ್ ಅಲ್ವಾ? ‘ಬ್ರಾಟ್ ಫಾರ್ವರ್ಡ್ ಬೈ ಟೂ ಡೇಸ್’ ಅಂತ ಬರೆದು ಕಳಿಸಿದೆ. ಸೋಮವಾರ ಬೆಳಿಗ್ಗೆ ಅವರೆಲ್ಲ ಕಾಲ್‌ಗೆ ಬಂದು ಕೂತಿದ್ದರು! ಇಂಗ್ಲಿಷಿನಲ್ಲಿ ಬ್ರಿಂಗ್ ಫಾರ್ವರ್ಡ್ ಅಂದರೆ ಇನ್ನೂ ಬೇಗ ಮಾಡು ಅಂತ. ನಮ್ಮ ‘ಮುಂದೆ’ ನಾಳೆಯ ಕಡೆ ಹೋಗುತ್ತದೆ. ಅವರ ಫಾರ್ವರ್ಡ್ ನಮ್ಮ ಕಡೆಗೆ, ಇವತ್ತಿನ ಕಡೆಗೆ ಬರುತ್ತದೆ. ಬ್ರಿಟನ್ನಿನವರು ಮುಂದೂಡುವುದಕ್ಕೆ ಪುಟ್ ಬ್ಯಾಕ್ ಅಂತಾರೆ, ಅಂದರೆ ಶಬ್ದಕ್ಕೆ ಶಬ್ದ ಇಟ್ಟರೆ ‘ಹಿಂದೆ ಇಡು’. ಪುಟ್ ಫಾರ್ವರ್ಡ್ ಅಂದರೆ ವಿಚಾರ ಮಂಡಿಸು ಅಂತಲೂ ಆಗುತ್ತದೆ.

ಆವತ್ತಿಂದ ನಾನು ಮುಂದೆ, ಹಿಂದೆ ಎರಡನ್ನೂ ಇಂಗ್ಲಿಷಿಗೆ ಹಾಕುವುದಿಲ್ಲ. ವಾರ, ತಾರೀಖು ಬರೆಯುತ್ತೇನೆ. ಬುಧವಾರ ಇಲ್ಲ, ಶುಕ್ರವಾರ ಇದೆ.

ಬಂದರು ಹುಡುಗ:
ಇದಕ್ಕೇ ನಮ್ಮವರು ಪ್ರೀಪೋನ್ ಅಂತ ಮಾಡಿಕೊಂಡದ್ದು. ಪೋಸ್ಟ್‌ಪೋನ್‌ಗೆ ಉಲ್ಟಾ. ಅದನ್ನು ತಪ್ಪು ಇಂಗ್ಲಿಷ್ ಅಂತಾರೆ, ನನಗೆ ಮಾತ್ರ ಎಲ್ಲಕ್ಕಿಂತ ಸ್ಪಷ್ಟವಾದ ಶಬ್ದ ಅದು.

ಕುಮಟಾ ಮಾಸ್ತರ:
ತಪ್ಪಲ್ಲ. ಇಂಗ್ಲಿಷ್ ನಿಘಂಟುಗಳಲ್ಲೇ ಭಾರತೀಯ ಬಳಕೆ ಅಂತ ಗುರುತು ಹಾಕಿ ಸೇರಿಸಿದ್ದಾರೆ. ನಮ್ಮೊಳಗೆ ಧೈರ್ಯವಾಗಿ ಬಳಸಿ, ಹೊರದೇಶದವರಿಗೆ ಬರೆಯುವಾಗ ಬೇಡ.

ಕಪ್ಪುಕೋಟು:
ಇಂಗ್ಲಿಷಿನವರೇ ಒಬ್ಬರಿಗೊಬ್ಬರು ಒಪ್ಪದ ಶಬ್ದವೂ ಇದೆ. ಬ್ರಿಟನ್ನಿನಲ್ಲಿ ಒಂದು ವಿಷಯವನ್ನು ಟೇಬಲ್ ಮಾಡಿದರು ಅಂದರೆ ಚರ್ಚೆಗೆ ತಂದರು. ಅಮೆರಿಕದಲ್ಲಿ ಟೇಬಲ್ ಮಾಡಿದರು ಅಂದರೆ ಪಕ್ಕಕ್ಕೆ ಇಟ್ಟರು. ಒಂದೇ ಮೇಜು!

ಸದಾಶಿವಗಡ ಸೀಮೆ:
ಒಂದು ಸಂಶಯ. ನಮ್ಮ ಮನೆಯಲ್ಲಿ ‘ಪುಟ್ ಆಫ್ ದ ಲೈಟ್’ ಅಂತಾರೆ. ನನ್ನ ಮಗಳ ಟೀಚರ್ ಅದು ತಪ್ಪು, ಸ್ವಿಚ್ ಆಫ್ ಅನ್ನಬೇಕು ಅಂದರಂತೆ. ಲೈಟಿಗೂ ಪುಟ್ ಆಫ್ ಅಂದರೆ ಮುಂದೂಡುವುದು ಆಗಿಬಿಡುತ್ತದಾ?

ಶಿರಸಿ ಪೇಟೆ:
ತಪ್ಪೇ. ನಮ್ಮ ‘ಲೈಟ್ ಹಾಕು’ ಅನ್ನುವುದನ್ನು ಹಾಗೇ ಇಂಗ್ಲಿಷಿಗೆ ಎತ್ತಿ ಹಾಕಿದ್ದು.

ಹೊನ್ನಾವರ ಟೀಚರ್:
ತಪ್ಪಲ್ಲ. ಪುಟ್ ಆನ್, ಪುಟ್ ಆಫ್ ಎರಡೂ ದೀಪಕ್ಕೆ, ಹೀಟರಿಗೆ ಬ್ರಿಟಿಷ್ ಇಂಗ್ಲಿಷಿನಲ್ಲಿ ನಡೆಯುತ್ತವೆ. ಟರ್ನ್ ಆಫ್, ಸ್ವಿಚ್ ಆಫ್ ಜಾಸ್ತಿ ಬಳಕೆ, ಅಷ್ಟೇ. ನಿಮ್ಮ ಮಗಳಿಗೆ ಹೇಳಿ, ಮನೆಯವರು ಆಡಿದ್ದೂ ಸರಿ ಅಂತ. ಆದರೆ ಲೈಟನ್ನು ‘ಪುಟ್’ ಅಂತ ಮಾತ್ರ ಬಿಟ್ಟರೆ, ಅಂದರೆ ‘ಪುಟ್ ದ ಲೈಟ್’ ಅಂದರೆ, ಅದು ನಮ್ಮ ಹಾಕು.

ಸದಾಶಿವಗಡ ಸೀಮೆ:
ಮಗಳಿಗೆ ಈಗಲೇ ಓದಿ ಹೇಳಿದೆ, ಖುಷಿಯಾಯಿತು. ನಮ್ಮ ಅಜ್ಜಿ ದೀಪ ಆರಿಸು ಅನ್ನುತ್ತಲೇ ಇರಲಿಲ್ಲ. ‘ದೀಪ ದೊಡ್ಡದು ಮಾಡು’ ಅನ್ನೋರು. ಆರುವುದು ಅನ್ನೋ ಮಾತೇ ಮನೆಯಲ್ಲಿ ಬರಬಾರದು ಅಂತ. ಚಿಕ್ಕವಳಿದ್ದಾಗ ನಾನು ಬತ್ತಿ ಎತ್ತರಿಸಿ ಬೈಸಿಕೊಂಡದ್ದು ಇನ್ನೂ ನೆನಪಿದೆ. ಅಜ್ಜಿ ಆಡಿದ ಶಬ್ದಕ್ಕೂ ಅರ್ಥಕ್ಕೂ ಅಷ್ಟು ದೂರ!

ಬಂದರು ಹುಡುಗ:
ಹಾಗಾದರೆ ಈಗ ಪುಟ್ ಆಫ್‌ಗೆ ಎರಡು ಅರ್ಥ ಆಯ್ತು. ಮುಂದೂಡು, ದೀಪ ಆರಿಸು. ಇನ್ನೂ ಇದೆಯಾ?

ಕುಮಟಾ ಮಾಸ್ತರ:
ಇದೆ. ಮನಸ್ಸು ಬೇಡ ಅನ್ನುವ ಹಾಗೆ ಮಾಡುವುದಕ್ಕೂ ಪುಟ್ ಆಫ್. ವಾಸನೆ, ಮಾತು, ನಡತೆ ಯಾವುದೋ ಒಂದು ನಮ್ಮನ್ನು ದೂರ ಸರಿಸಿದರೆ ‘ಇಟ್ ಪುಟ್ ಮಿ ಆಫ್’. ಇದರಿಂದಲೇ ಆಫ್-ಪುಟಿಂಗ್ ಬಂತು. ಕೇರಂ ಆಡುವಾಗ ಪಕ್ಕದಲ್ಲಿ ನಿಂತು ಗಲಾಟೆ ಮಾಡಿ ಗುರಿ ತಪ್ಪಿಸಿದರೆ ಅದೂ ಪುಟ್ ಆಫ್. ಎಲ್ಲದರಲ್ಲೂ ‘ಆಚೆಗೆ ಸರಿಸು’ ಅನ್ನುವ ಎಳೆ ಇದೆ ನೋಡಿ.

ಇಷ್ಟರ ಮೇಲೆ, ಮನುಷ್ಯರನ್ನೇ ಸಾಗಹಾಕುವ ಪುಟ್ ಆಫ್. ಸಾಲ ಕೇಳಲು ಬಂದವನಿಗೆ ಏನೋ ನೆಪ ಹೇಳಿ ಕಳಿಸುವುದು. ನಮ್ಮ ಹಳ್ಳಿಗಳಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆಯುತ್ತಿದ್ದರಲ್ಲ, ರಾತ್ರಿ ಬಾಗಿಲು ಬಡಿಯುವ ದೆವ್ವ ಓದಿಕೊಂಡು ವಾಪಸ್ ಹೋಗಲಿ ಅಂತ. ಈ ಅರ್ಥ ಕಲಿಸುವಾಗ ನಾನು ಅದನ್ನೇ ಹೇಳುತ್ತಿದ್ದೆ. ಒಬ್ಬ ಹುಡುಗನೂ ಮರೆತದ್ದಿಲ್ಲ.

ತೋಟದ ಮನೆ:
ಮಾಸ್ತರೇ, ‘ನಾಳೆ ಬಾ’ ಅಂದಿರಲ್ಲ, ಮಳೆಗಾಲದಲ್ಲಿ ನಮ್ಮ ಪಾಡೇ ಅದು. ಅಡಿಕೆಗೆ ಕೊಳೆ ಬರುವ ಮೊದಲು ಗೊನೆಗೆ ಔಷಧಿ ಹೊಡೆಯಬೇಕು. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಈ ಬೋರ್ಡೋ ದ್ರಾವಣ ಮಾಡಿ ಇಟ್ಟು ಕಾದರೆ, ಮರ ಹತ್ತಿ ಹೊಡೆಯುವ ಕೊನೆಗೌಡ ‘ನಾಳಿಕೆ ಬತ್ತೆ ಒಡ್ಯಾ’ ಅನ್ನುತ್ತಾನೆ. ಅವನದ್ದು ತಪ್ಪಲ್ಲ, ಹತ್ತು ತೋಟದವರು ಅವನೊಬ್ಬನನ್ನೇ ಕರೆಯುತ್ತಾರೆ, ಒದ್ದೆ ಮರ ಹತ್ತಲು ಜೀವ ಕೈಯಲ್ಲಿ ಹಿಡಿಯಬೇಕು. ಮಾಡಿಟ್ಟ ದ್ರಾವಣ ಮಾತ್ರ ನಾಳೆಗೆ ಬರುವುದಿಲ್ಲ, ಆ ದಿನವೇ ಹೊಡೆಯಬೇಕು. ಹೋದ ವರ್ಷ ನಾಳೆ ನಾಳೆ ಅಂತ ಹತ್ತು ದಿನ ಹೋಯ್ತು. ಆಮೇಲೆ ಮರದ ಬುಡದಲ್ಲಿ ಬಿಳಿ ಬೂಸ್ಟು ಹಿಡಿದ ಕಾಯಿ ಹೆಕ್ಕಿದ್ದೇ ಹೆಕ್ಕಿದ್ದು. ಮುಂದೂಡಿದ್ದು ಕಡೆಗೆ ರದ್ದಾದ ಹಾಗೇ ಆಯ್ತು.

ಯಲ್ಲಾಪುರ ದಾರಿ:
ನಮ್ಮಲ್ಲೂ ಅದೇ ಕಥೆ. ಈಗ ಉದ್ದ ದೋಟಿಗೆ ಪೈಪ್ ಕಟ್ಟಿ ನೆಲದಿಂದಲೇ ಹೊಡೆಯುವುದು ಬಂದಿದೆ. ನೀವೂ ನೋಡಿ.

ತೋಟದ ಮನೆ:
ನೋಡಿದ್ದೇನೆ. ನಮ್ಮ ಮರ ಹಳೆಯವು, ಎತ್ತರ ಜಾಸ್ತಿ.

ಕೋಡಿಬಾಗದಕ್ಕ:
ಮಾಸ್ತರೇ, ವಾಸನೆಯ ಮಾತು ಬಂದದ್ದಕ್ಕೆ ಹೇಳುತ್ತೇನೆ. ಒಣಮೀನಿನ ವಾಸನೆ ಅಂತ ಮೂಗು ಮುಚ್ಚಿಕೊಂಡು ಹೋಗುವವರು ನಮ್ಮ ಕೇರಿಯ ದಾರಿಯಲ್ಲಿ ದಿನಾ ಸಿಗುತ್ತಾರೆ. ಅದೇ ವಾಸನೆಯಲ್ಲಿ ನಾವು ಮಕ್ಕಳನ್ನು ಕಾಲೇಜಿಗೆ ಕಳಿಸಿದ್ದೇವೆ. ಚಾಪೆ ಮೇಲೆ ಸಿಗಡಿ ಹರಡಿದರೆ ಬಿಸಿಲು ಹೋಗುವ ತನಕ ಕಾಗೆ ಓಡಿಸುತ್ತಾ ಕೂರಬೇಕು, ಒಂದು ಮೋಡ ಬಂದರೆ ಎಲ್ಲ ಬಾಚಿ ಒಳಗೆ ತರಬೇಕು. ಅದಕ್ಕೇ ಉಪ್ಪಿನಕಾಯಿ ಕಲಿಯಬೇಕು ಅಂತ ನಮಗೆ ಅಷ್ಟು ಆಸೆ ಇದ್ದದ್ದು. ಬಾಟಲಿಯಲ್ಲಿ ಹಾಕಿದರೆ ಮಳೆಗೂ ಹೆದರಬೇಕಾಗಿಲ್ಲ. ‘ಆಸಕ್ತಿ ಇಲ್ಲ’ ಅಂತ ಬರೆದದ್ದು ನನಗೆ ಎಲ್ಲಕ್ಕಿಂತ ಜಾಸ್ತಿ ನೋವು.

ಹೊನ್ನಾವರ ಟೀಚರ್:
ಅಕ್ಕಾ, ಆ ಮಾತನ್ನು ಹಾಗೇ ಬಿಡಬೇಡಿ. ಒಂದು ಪತ್ರ ಬರೆಯಿರಿ, ಕನ್ನಡದಲ್ಲೇ.

ಬೈತಖೋಲ್ ಬೋಟು:
ಪತ್ರದ ಮಾತು ಮುಂದುವರಿಸಿ, ನಡುವೆ ಒಂದು ಸೇರಿಸುತ್ತೇನೆ. ನಾನು ಮೊದಲು ಹಡಗಿನಲ್ಲಿ ಕೆಲಸಕ್ಕಿದ್ದೆ. ಅಲ್ಲಿ ಪುಟ್ ಆಫ್ ಅಂದರೆ ದೋಣಿ ದಡ ಬಿಡುವುದು. ಪುಟ್ ಔಟ್ ಟು ಸೀ ಅಂದರೆ ಕಡಲಿಗೆ ಹೊರಡುವುದು. ಪುಟ್ ಇನ್ ಅಂದರೆ ಬಂದರಿಗೆ ಬರುವುದು. ಅದೇ ಪುಟ್! ಒಬ್ಬರಿಗೆ ಕೆಲಸ ನಿಂತದ್ದು, ನಮಗೆ ಕೆಲಸ ಶುರುವಾದದ್ದು. ಇಲ್ಲಿ ಬೈತಖೋಲ್‌ನಲ್ಲಿ ನಾವು ‘ಬೋಟ್ ಬಿಟ್ಟರು’ ಅನ್ನುತ್ತೇವೆ. ಕೂರ್ಮಗಡದ ಜಾತ್ರೆಗೆ ‘ದೋಣಿ ಬಿಡ್ತಾರಾ?’ ಅಂತ ಕೇಳುತ್ತಾರಲ್ಲ, ಹಾಗೆ. ಬಿಡು ಅನ್ನುವುದಕ್ಕೂ ನಮ್ಮಲ್ಲಿ ಎಷ್ಟು ಅರ್ಥ. ಬೀಡಿ ಬಿಟ್ಟ ಅಂದರೆ ನಿಲ್ಲಿಸಿದ, ಬೋಟ್ ಬಿಟ್ಟ ಅಂದರೆ ಹೊರಡಿಸಿದ.

ಕುಮಟಾ ಮಾಸ್ತರ:
ಅಣ್ಣಾ, ಇದು ನನ್ನ ಪಾಠದಲ್ಲಿ ಇರಲಿಲ್ಲ. ಪುಸ್ತಕದಲ್ಲಿ ಓದಿದ್ದೆ, ಹಡಗಿನಲ್ಲಿ ಕೇಳಿದವರಿಂದ ಈಗಲೇ ಕೇಳಿದ್ದು. ಬೀಡಿ ಮತ್ತು ಬೋಟಿನ ಉದಾಹರಣೆ ಬರೆದಿಟ್ಟುಕೊಂಡೆ.

ಅಂಕೋಲಾ ಎಕ್ಕಾ:
ಬಳಸುವವರಿಗೆ ಎರಡು ವಿಷಯ ಹೇಳಿಬಿಡುತ್ತೇನೆ, ನನಗೆ ತಿದ್ದಿಸಿಕೊಂಡು ಬಂದದ್ದು. ‘ಅದನ್ನು ಮುಂದೂಡಿ’ ಅನ್ನಲು ‘ಪುಟ್ ಇಟ್ ಆಫ್’ ಅನ್ನಬೇಕು, ‘ಪುಟ್ ಆಫ್ ಇಟ್’ ಆಗುವುದಿಲ್ಲ. ಇಟ್, ದೆಮ್ ಥರದ್ದು ನಡುವೆ ಕೂರಬೇಕು. ಹೆಸರಾದರೆ ನಡುವೆ ಇಟ್ಟರೂ, ಆಫ್ ಆದ ಮೇಲೆ ಇಟ್ಟರೂ ನಡೆಯುತ್ತದೆ. ಇನ್ನೊಂದು, ‘ಹೋಗುವುದನ್ನು ಮುಂದೂಡಿದೆ’ ಅನ್ನಲು ‘ಪುಟ್ ಆಫ್ ಗೋಯಿಂಗ್’. ‘ಪುಟ್ ಆಫ್ ಟು ಗೋ’ ಅಲ್ಲ.

ಶಿರಸಿ ಪೇಟೆ:
ಪುಟ್‌ಗೆ ಭೂತಕಾಲದಲ್ಲೂ ಪುಟ್. ‘ದೇ ಪುಟ್ ಆಫ್ ದ ಮೀಟಿಂಗ್’ ಅಂದರೆ ಮುಂದೂಡುತ್ತಾರಾ, ಮುಂದೂಡಿದರಾ ಅಂತ ಅದೂ ಗೊತ್ತಾಗಲ್ಲ. ಮೊದಲು ‘ಅಷ್ಟೇ’ ಅಂದೆ, ಈಗ ನೋಡಿದರೆ ಅಷ್ಟೇ ಅಲ್ಲ. ಬಂದರು ಹುಡುಗ ಹೇಳಿದ್ದು ಸರಿ.

ಕಪ್ಪುಕೋಟು:
ಅಕ್ಕಾ, ಪತ್ರ ಚಿಕ್ಕದಿರಲಿ. ಮೊದಲು ಮೆಸೇಜ್ ಬಂದ ದಿನ, ಅದರ ಮಾತು ಹಾಗೇ ಬರೆಯಿರಿ. ಎರಡು ಸಲ ಫೋನ್ ಮಾಡಿದ ಸಮಯ ನಿಮ್ಮ ಫೋನಿನಲ್ಲೇ ಸಿಗುತ್ತದೆ, ಅದನ್ನೂ ಬರೆಯಿರಿ. ಹೊಸ ತಾರೀಖು ಆ ದಿನ ಬೆಳಿಗ್ಗೆಯೇ ತಿಳಿಸಿದ್ದು ಬರೆಯಿರಿ. ಕಡೆಗೆ ಎರಡೇ ಕೋರಿಕೆ. ಆಸಕ್ತಿ ಇಲ್ಲ ಅಂತ ಬರೆದದ್ದನ್ನು ತೆಗೆಯಿರಿ, ಮತ್ತು ಇನ್ನು ಮೇಲೆ ಕನ್ನಡದಲ್ಲಿ ತಾರೀಖಿನ ಸಮೇತ ತಿಳಿಸಿ. ಇಪ್ಪತ್ತೆರಡು ಜನರ ಸಹಿ. ಒಂದು ಪ್ರತಿಗೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳುವುದು ಮರೆಯಬೇಡಿ.

ಯಲ್ಲಾಪುರ ದಾರಿ:
ನಾನು ಮೊದಲು ಸ್ವಲ್ಪ ಗಡುಸಾಗಿ ಬರೆದೆ ಅನಿಸುತ್ತದೆ. ಅಕ್ಕಾ, ಪತ್ರ ಟೈಪ್ ಮಾಡಿಸಬೇಕಾದರೆ ಹೇಳಿ, ನಾನೇ ಮಾಡಿ ಕಳಿಸುತ್ತೇನೆ.

ಕೋಡಿಬಾಗದಕ್ಕ:
ಟೈಪ್ ಬೇಡ ಅಣ್ಣಾ, ಕೈಯಲ್ಲೇ ಬರೆದೆ. ನೀವು ಕೇಳಬೇಕಿತ್ತು ಅಂದದ್ದೂ ಸರಿಯೇ. ಸಂಘದ ಮೀಟಿಂಗಿನಲ್ಲಿ ನಾನೇ ಎದ್ದು ನಿಂತು, ನಾನು ಓದಿದ್ದು ತಪ್ಪಾಯ್ತು ಅಂತ ಎಲ್ಲರಿಗೂ ಹೇಳಿದೆ. ನಾಟಿಗೆ ಹೋಗಿದ್ದ ಒಬ್ಬ ಅಮ್ಮ, ‘ನೀನು ಮಳೆಯಲ್ಲಿ ಬಂದು ಹೇಳಿದೆಯಲ್ಲ ಮಗಾ, ಅವರು ಬಂದರಾ?’ ಅಂದರು. ನನಗೆ ಅಳು ಬಂತು.

ಹತ್ತೊಂಬತ್ತು ಸಹಿ ಆಗಿದೆ. ಗೋವಾದಲ್ಲಿರುವ ಇಬ್ಬರು ಚೌತಿಗೆ ಬರುತ್ತಾರೆ.

ಹೊನ್ನಾವರ ಟೀಚರ್:
ಅವರಿಗಾಗಿ ಪತ್ರ ಮುಂದೂಡಬೇಡಿ. ಹತ್ತೊಂಬತ್ತು ಸಾಕು.

ಕೋಡಿಬಾಗದಕ್ಕ:
ಕೊಟ್ಟು ಬಂದೆ. ಸೀಲು ಹಾಕಿಸಿಕೊಂಡೆ. ಅಲ್ಲಿ ಕೂತ ಹುಡುಗಿ ಪತ್ರ ಓದಿ, ‘ಅಕ್ಕಾ, ಮೆಸೇಜ್ ಕಳಿಸಿದ್ದು ನಾನೇ, ಪುಟ್ ಆಫ್ ಅಂದರೆ ಎಲ್ಲರಿಗೂ ಗೊತ್ತಿರುತ್ತದೆ ಅಂದುಕೊಂಡೆ’ ಅಂದಳು. ಹೊಸ ಬ್ಯಾಚ್ ಇದೆಯಂತೆ, ದಿನ ಇನ್ನೂ ನಿಗದಿ ಆಗಿಲ್ಲ. ನಮ್ಮ ಹೆಸರು ಮೊದಲು ಬರೆದುಕೊಂಡಿದ್ದಾಳೆ. ಕನ್ನಡದಲ್ಲೇ ಕಳಿಸುತ್ತೇನೆ, ಫೋನೂ ಮಾಡುತ್ತೇನೆ ಅಂತ ತನ್ನ ನಂಬರ್ ಕೊಟ್ಟಳು.

ತೋಟದ ಮನೆ:
ತರಬೇತಿ ಮುಗಿದ ಮೇಲೆ ಬಾಟಲಿಯ ರೇಟು ಇಲ್ಲಿ ಹಾಕಿ ಅಕ್ಕಾ. ನಮ್ಮ ಮನೆಯಲ್ಲಿ ಮೀನು ಇಲ್ಲ, ಆದರೆ ಶಿರಸಿಯಲ್ಲಿ ತೆಗೆದುಕೊಳ್ಳುವ ಅಂಗಡಿ ಎರಡು ನನಗೆ ಗೊತ್ತಿವೆ. ಬಸ್ಸಿಗೆ ಹಾಕಿದರೆ ನಾನೇ ಇಳಿಸಿಕೊಂಡು ಕೊಡುತ್ತೇನೆ.